6 ಆಂಪ್ ಎಂಸಿಬಿ ತೆಗೆದು 16 ಆಂಪ್ ಹಾಕಬೇಡಿ, ದಯವಿಟ್ಟು

ಹಾಲ್‌ನ ಫಾಲ್ಸ್ ಸೀಲಿಂಗ್‌ಗೆ 12 ವ್ಯಾಟ್‌ನ 22 ಎಲ್‌ಇಡಿ, 6 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಲೈನನ್ನು ತಾನೇ ಕಡಿಯುವ ಸ್ವಿಚ್) ಆಗಾಗ ಟ್ರಿಪ್ ಆಗುತ್ತದೆ, 16 ಆಂಪ್‌ನದ್ದು ಹಾಕಿ 80% ಲೆಕ್ಕ (ಅದರ ಆಂಪ್‌ನಲ್ಲಿ 80% ಮಾತ್ರ ಬಳಸುವುದು) ಹಿಡಿದರೆ ಸಾಕಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ನಾನು ಇದನ್ನೇ ಮಾಡಿದವನು.

2009ರಲ್ಲಿ. ಕಾಪುವಿನ ನಮ್ಮ ಹಂಚಿನ ಮನೆ, ಅಕ್ಕನ ಮದುವೆಯ ಹಿಂದಿನ ದಿನ, ಮದರಂಗಿ. ಅಂಗಳದ ಚಪ್ಪರಕ್ಕೆ 500 ವ್ಯಾಟ್‌ನ ಆರು ಹ್ಯಾಲೊಜನ್ ಕಟ್ಟಿದ್ದೆ. ಕರೆಂಟ್ ಎಳೆದದ್ದು ಚಾವಡಿಯ ಲೈಟಿನ ಲೈನಿನಿಂದ. ಹಚ್ಚಿದ ಸ್ವಲ್ಪ ಹೊತ್ತಿಗೇ 6 ಆಂಪ್ ಎಂಸಿಬಿ ಟ್ರಿಪ್. ಮತ್ತೆ ಎತ್ತಿದೆ, ಮತ್ತೆ ಟ್ರಿಪ್. ನೆಂಟರೆಲ್ಲ ಬಂದು ಕೂತಿದ್ದರು. ಪಂಪಿಗೆಂದು ತಂದಿಟ್ಟ 32 ಆಂಪ್ ಎಂಸಿಬಿ ಕಣ್ಣಿಗೆ ಬಿತ್ತು. ಅದನ್ನೇ ಹಾಕಿದೆ. ಲೈಟ್ ಆರದೆ ಉರಿಯಿತು. ಎಲ್ಲರೂ ಭೇಷ್ ಅಂದರು.

ರಾತ್ರಿ ಹನ್ನೊಂದಕ್ಕೆ ಅಟ್ಟದಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ಮಾವ ಓಡಿಹೋಗಿ ಮೇನ್ ಆಫ್ ಮಾಡಿದರು. ಟೇಪ್ ಸುತ್ತಿದ ಹಳೆಯ ಜಾಯಿಂಟ್ ಕರಗಿ ಎರಡು ಪಕಾಸು (ಮಾಡಿನ ಮರದ ಪಟ್ಟಿ) ಕರಕಲಾಗಿದ್ದವು. ಪಕ್ಕದಲ್ಲೇ ತೆಂಗಿನಕಾಯಿ ರಾಶಿ, ಸಿಪ್ಪೆ ಸಮೇತ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸಲು ಆಗುವುದಿಲ್ಲ. ಮದುವೆ ಮುಗಿದ ಮೇಲೆ ಇಡೀ ಮನೆಯ ವಯರಿಂಗ್ ಹೊಸದಾಗಿ ಮಾಡಿಸಿದೆವು.

ತಪ್ಪು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಆಗ ಯಾರೂ ಹೇಳಿರಲಿಲ್ಲ. ಎಂಸಿಬಿ ಇರುವುದು ಬಲ್ಬ್ ಕಾಯಲಿಕ್ಕಲ್ಲ. ಗೋಡೆಯೊಳಗಿನ, ಅಟ್ಟದೊಳಗಿನ ವಯರ್ ಕಾಯಲಿಕ್ಕೆ. ನಮ್ಮ ವಯರ್ 1 ಚದರ ಮಿಲಿಮೀಟರ್‌ನದ್ದು. ಹ್ಯಾಲೊಜನ್ 3000 ವ್ಯಾಟ್, ಮನೆಯ ಫ್ಯಾನು, ಟ್ಯೂಬ್‌ಲೈಟ್ ಸುಮಾರು 600. ಒಟ್ಟು 3600. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ 15.7 ಆಂಪ್. ಕರೆಂಟ್ ಎರಡು ಪಟ್ಟಾದರೆ ವಯರಿನ ಬಿಸಿ ನಾಲ್ಕು ಪಟ್ಟಾಗುತ್ತದೆ. 6 ಆಂಪ್‌ನ ಜಾಗದಲ್ಲಿ 15.7 ಹರಿದರೆ ಬಿಸಿ ಆರು ಪಟ್ಟಿಗಿಂತ ಜಾಸ್ತಿ. ಸಾಮಾನ್ಯ ಪಿವಿಸಿ ವಯರ್ ತಡೆಯುವುದು 70 ಡಿಗ್ರಿ ಸೆಲ್ಸಿಯಸ್ ತನಕ. ಇತ್ತ 32 ಆಂಪ್ ಎಂಸಿಬಿ 36 ಆಂಪ್ ಹರಿದರೂ ಒಂದು ಗಂಟೆ ಸುಮ್ಮನಿರಬಲ್ಲದು. ಅದರ ಲೆಕ್ಕದಲ್ಲಿ ಅಂದು ಏನೂ ಆಗಿರಲಿಲ್ಲ. ಹಳೆಯ ಎಂಸಿಬಿ ಎರಡು ಸಲ ಎಚ್ಚರಿಸಿತ್ತು, ನಾನು ಅದನ್ನೇ ಕಿತ್ತು ಹಾಕಿದೆ.

ಈಗ ನಿಮ್ಮ ಮನೆಗೆ ಬರುತ್ತೇನೆ. 80% ಲೆಕ್ಕ ಬಿಡಿ ಮಾರಾಯ್ರೆ. ಅದು 120 ವೋಲ್ಟ್‌ನ ಅಮೆರಿಕದ ಮನೆಗಳಲ್ಲಿ, ಮೂರು ಗಂಟೆಗಿಂತ ಹೆಚ್ಚು ಹೊತ್ತು ಉರಿಯುವ ಲೋಡಿಗೆ ಹಿಡಿಯುವ ಲೆಕ್ಕ. ನಮ್ಮಲ್ಲಿ ಲೈಟ್-ಫ್ಯಾನ್ ಸರ್ಕ್ಯೂಟಿಗೆ ರೂಢಿಯ ಮಿತಿ 10 ಪಾಯಿಂಟ್ ಅಥವಾ 800 ವ್ಯಾಟ್. ನಿಮ್ಮ 22 ಎಲ್‌ಇಡಿ ಒಟ್ಟು 264 ವ್ಯಾಟ್, ಅಂದರೆ ಸುಮಾರು 1.15 ಆಂಪ್. ಅಷ್ಟಕ್ಕೆ ಎಂಸಿಬಿ ಬಿಸಿಯಾಗಿ ಟ್ರಿಪ್ ಆಗುವುದಿಲ್ಲ. ಹಾಗಾಗಿ ಬಲ್ಬ್ ಲೆಕ್ಕ ಹಾಕುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಅದೇ ಲೈನಿನ ಪ್ಲಗ್ಗುಗಳನ್ನು ನೋಡಿ. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಕೆಟಲ್ 1500. ಈ ಲೈಟುಗಳ ಜೊತೆ ಎರಡೂ ಒಟ್ಟಿಗೆ ಬಿದ್ದರೆ 12 ಆಂಪ್ ಆಯಿತಲ್ವಾ? ಅವಕ್ಕೆ 2.5 ಚದರ ಮಿಲಿಮೀಟರ್ ವಯರಿನ ಬೇರೆ ಪವರ್ ಲೈನ್ ಬೇಕು. ಲೈಟಿನ ಸ್ವಿಚ್‌ಗಳು ಸಾಮಾನ್ಯವಾಗಿ 6 ಆಂಪ್‌ನವು ಅನ್ನುವುದೂ ನೆನಪಿರಲಿ.

ಸ್ವಿಚ್ ಒತ್ತಿದ ಕ್ಷಣದಲ್ಲೇ ಟ್ರಿಪ್ ಆದರೆ ಕಾರಣ ಬೇರೆ. ಎಲ್‌ಇಡಿ ಡ್ರೈವರ್‌ಗಳೆಲ್ಲ (ಎಲ್‌ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಭಾಗ) ಒಟ್ಟಿಗೆ ಹತ್ತುವಾಗ ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆಯುತ್ತವೆ. ಆಗ ಬಿ ಮಾದರಿಯ ಬದಲು, ಆ ಒಂದು ಕ್ಷಣದ ಎಳೆತವನ್ನು ಹೆಚ್ಚು ತಾಳುವ ಸಿ ಮಾದರಿಯ ಎಂಸಿಬಿ ಹಾಕಿಸಬಹುದು, ಆಂಪ್ ಮಾತ್ರ 6 ಇರಲಿ. ಆದರೆ ಅದಕ್ಕೂ ಮುಂಚೆ ಶಾರ್ಟ್ ಇಲ್ಲವೆಂದು ಖಾತ್ರಿಯಾಗಬೇಕು. ಆಟಿಯ ಮಳೆಗೆ ಗೇಟಿನ ಲೈಟಿನೊಳಗೆ ನೀರು ಹೋಗಿದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಲೈಸೆನ್ಸ್ ಇರುವ ಕಂಟ್ರ್ಯಾಕ್ಟರ್ ಕರೆಸಿ, 22 ಪಾಯಿಂಟನ್ನು ಮೂರು ಸರ್ಕ್ಯೂಟ್ ಮಾಡಿಸಿ.

ಟ್ರಿಪ್ ಆಗುವಾಗ ಮನೆಯಲ್ಲಿ ಏನೇನು ಆನ್ ಇರುತ್ತದೆ, ಎಂಸಿಬಿ ಮೇಲೆ ಬಿ ಇದೆಯೋ ಸಿ ಇದೆಯೋ ನೋಡಿ ಬರೆಯಿರಿ. ಅಲ್ಲಿಯವರೆಗೆ ಅದನ್ನು ಬದಲಿಸಬೇಡಿ.