ಎಣ್ಣೆ ಉಳ್ಳಾಲದ ದಡಕ್ಕೆ ಬಂದರೆ ಮೊದಲು ಯಾರು ಬರಬೇಕು?

ಪ್ರಶ್ನೆ: ಸರ್, ನಾನಿರುವುದು ಬಸವೇಶ್ವರನಗರದಲ್ಲಿ. ತವರು ಉಳ್ಳಾಲ. ತಮ್ಮನಿಗೆ ಅಲ್ಲಿ ದೋಣಿ ಇದೆ. 2025ರ ಮೇ ತಿಂಗಳಲ್ಲಿ ಕೊಚ್ಚಿ ಹತ್ತಿರ ಕಂಟೇನರ್ ಹಡಗು ಮುಳುಗಿದಾಗಿನಿಂದ ಅವನಿಗೆ ಒಂದೇ ಚಿಂತೆ. ಎಣ್ಣೆ ನಮ್ಮ ದಡಕ್ಕೆ ಬಂದರೆ ಮೊದಲು ಯಾರು ಬರಬೇಕು? ಯೋಜನೆ ಮೊದಲೇ ಇರಬೇಕು ಅಂತ ನಿಯಮ ಇದೆಯಾ, ಇಲ್ಲ ಆದ ಮೇಲೆ ಓಡಾಡುತ್ತಾರಾ? ಬೆಂಗಳೂರಲ್ಲಿ ಕೂತು ನಾನು ಯಾರನ್ನು ಕೇಳಲಿ?

ಉತ್ತರ: ನಿಯಮ ಇದೆ. ಒಂದಲ್ಲ, ಮೂರು ನಾಲ್ಕು ಕಡೆ ಇದೆ. ಆದರೆ ದಡದ ವಿಷಯ ಬರುವುದು ಕೊನೆಯ ಪುಟದಲ್ಲಿ. ಆ ಪುಟವೇ ತೆಳ್ಳಗಿದೆ.

ಮೊದಲು ಹಡಗು. 'ಮಾರ್ಪೋಲ್' ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, 150 ಗ್ರಾಸ್ ಟನ್ನೇಜ್ (ಇದು ಹಡಗಿನ ಗಾತ್ರದ ಅಳತೆ, ತೂಕವಲ್ಲ) ದಾಟಿದ ಎಣ್ಣೆ ಟ್ಯಾಂಕರ್‌ಗಳಲ್ಲೂ 400 ದಾಟಿದ ಬೇರೆ ಹಡಗುಗಳಲ್ಲೂ ಒಂದು ತುರ್ತು ಯೋಜನೆ ಇರಲೇಬೇಕು. ಎಣ್ಣೆ ಸೋರಿದರೆ ಯಾರಿಗೆ ತಿಳಿಸಬೇಕು, ಯಾವ ವಾಲ್ವ್ ಮುಚ್ಚಬೇಕು, ಒಡೆದ ಟ್ಯಾಂಕಿನಿಂದ ಎಣ್ಣೆಯನ್ನು ಎಲ್ಲಿಗೆ ಪಂಪ್ ಮಾಡಬೇಕು, ಎಲ್ಲ ಅದರಲ್ಲಿರುತ್ತದೆ. ನಾವಿಕರು ಇದನ್ನು 'ಸೋಪೆಪ್' ಅನ್ನುತ್ತಾರೆ.

ಆಮೇಲೆ ನಮ್ಮ ದೇಶದ ಯೋಜನೆ. 1996ರಿಂದ ಜಾರಿಯಲ್ಲಿದೆ, 2015ರಲ್ಲಿ ಪರಿಷ್ಕರಣೆ ಆಯಿತು. ಇದರ ಯಜಮಾನಿಕೆ ಕೋಸ್ಟ್ ಗಾರ್ಡ್‌ನದು. ಕೆಲಸ ಹಂಚಿರುವುದು ಹೀಗೆ: ಬಂದರಿನ ಗಡಿಯೊಳಗೆ ಸೋರಿದರೆ ಬಂದರಿನವರು ನೋಡಿಕೊಳ್ಳಬೇಕು. ಎಣ್ಣೆ ಬಾವಿಯ ಪ್ಲಾಟ್‌ಫಾರಂ ಸುತ್ತ 500 ಮೀಟರ್ ಒಳಗಾದರೆ ಎಣ್ಣೆ ಕಂಪನಿ. ಅದರಾಚೆಯ ಕಡಲಿನಲ್ಲಿ ಕೋಸ್ಟ್ ಗಾರ್ಡ್. ದಡಕ್ಕೆ ಬಂದರೆ ರಾಜ್ಯ ಸರ್ಕಾರ. ಅಂದರೆ ನಿಮ್ಮ ತಮ್ಮನ ಮನೆ ಮುಂದಿನ ಮರಳು ಬೆಂಗಳೂರಿನ ಜವಾಬ್ದಾರಿ.

ಪ್ರಮಾಣದ ಲೆಕ್ಕವೂ ಇದೆ. 700 ಟನ್‌ವರೆಗೆ ಮೊದಲ ಹಂತ. ಅಷ್ಟನ್ನು ನಿಭಾಯಿಸುವ ಸಾಮಾನು ಬಂದರು ಮತ್ತು ಎಣ್ಣೆ ಕಂಪನಿಗಳ ಕೈಯಲ್ಲೇ ಇರಬೇಕು. 10,000 ಟನ್‌ವರೆಗೆ ಎರಡನೆಯದು, ಅದನ್ನೂ ದಾಟಿದರೆ ಮೂರನೆಯದು. ಕೊಚ್ಚಿ ಹತ್ತಿರ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ ಇದ್ದದ್ದು ಸುಮಾರು 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್. ಅಷ್ಟೂ ಸೋರಿದರೂ ಕಾಗದದ ಮೇಲೆ ಅದು ಅತಿ ಚಿಕ್ಕ ಹಂತ! ಆದರೂ ಕೇರಳ ಅದನ್ನು ರಾಜ್ಯದ ವಿಪತ್ತು ಅಂತ ಘೋಷಿಸಿತು, 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು. ಮೀನು ಮಾರುವವರಿಗೆ ಟನ್ ಲೆಕ್ಕ ಕಟ್ಟಿಕೊಂಡು ಏನಾಗಬೇಕು, ಅಲ್ವಾ?

ನಿಮ್ಮೂರಿನದೇ ಉದಾಹರಣೆ ಇದೆ. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಅನ್ನುವ ಹಡಗು ಉಳ್ಳಾಲದ ಬಟ್ಟಪ್ಪಾಡಿ ಹತ್ತಿರ ಒಳಗೆ ನೀರು ನುಗ್ಗಿ ನೆಲ ಹತ್ತಿ ನಿಂತಿತು. 15 ಸಿರಿಯಾ ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಟ್ಯಾಂಕಿನಲ್ಲಿ ಸುಮಾರು 220 ಟನ್ ಇಂಧನ ಇತ್ತು. ಎಣ್ಣೆ ಬಳಿಯುವ ಹಡಗು ಸಮುದ್ರ ಪಾವಕ್ ಕೂಡ ಬಂತು. ದೊಡ್ಡ ಸೋರಿಕೆ ಆಗಲಿಲ್ಲ, ಪುಣ್ಯ.

ಪುಣ್ಯ ಅಂದದ್ದು ಸುಮ್ನೆ ಅಲ್ಲ. ಎಣ್ಣೆ ಹರಡದಂತೆ ನೀರಿನ ಮೇಲೆ ತೇಲಿಸುವ ಬೇಲಿ ಇರುತ್ತದಲ್ಲ, ಬೂಮ್, ಅದಕ್ಕೆ ಅಡ್ಡವಾಗಿ ನೀರು ಗಂಟೆಗೆ 1.3 ಕಿಲೋಮೀಟರ್‌ಗಿಂತ ಜೋರಾಗಿ ಹರಿದರೆ ಎಣ್ಣೆ ಅಡಿಯಿಂದ ನುಸುಳಿಬಿಡುತ್ತದೆ. ಲಾಲ್‌ಬಾಗ್‌ನಲ್ಲಿ ವಯಸ್ಸಾದವರು ನಡೆಯುವುದಕ್ಕಿಂತ ಅದು ನಿಧಾನ. ಜೂನ್‌ನ ಅರಬ್ಬಿ ಕಡಲಲ್ಲಿ ಬೂಮ್ ಎಲ್ಲಿ ನಿಲ್ಲುತ್ತದೆ? ಹಾಗಾಗಿ ಮಳೆಗಾಲದ ಯೋಜನೆ ಅಂದರೆ ಕಡಲಲ್ಲಿ ತಡೆಯುವುದಲ್ಲ. ನೇತ್ರಾವತಿ ಅಳಿವೆಯಂಥ ಜಾಗವನ್ನು ಕಾಯುವುದು, ಉಳಿದದ್ದನ್ನು ಮರಳಿನ ಮೇಲೆ ಎತ್ತುವುದು. ಎಣ್ಣೆ ಯಾವ ಕಡೆ ತೇಲುತ್ತದೆ ಅನ್ನುವ ಮುನ್ಸೂಚನೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಿಂದ ಬರುತ್ತದೆ. ಅವರಿಗೂ ನಮ್ಮ ಹಾಗೆ ಕಡಲಿಲ್ಲ!

ಈಗ ಆ ಕೊನೆಯ ಪುಟ. ಎತ್ತಿದ ಮರಳನ್ನು ಎಲ್ಲಿ ಹಾಕುತ್ತೀರಿ? ಎಣ್ಣೆ ಜೊತೆ ಮರಳು, ಬಲೆ, ಪಾಚಿ, ಪ್ಲಾಸ್ಟಿಕ್ ಎಲ್ಲ ಸೇರುತ್ತದೆ. ಚೆಲ್ಲಿದ ಎಣ್ಣೆಗಿಂತ ಎತ್ತಿದ ಕಸ ಹಲವು ಪಟ್ಟು ಜಾಸ್ತಿ. ಅದು ಅಪಾಯಕಾರಿ ತ್ಯಾಜ್ಯ, ಊರ ಕಸದ ಗುಡ್ಡೆಗೆ ಹಾಕುವ ಹಾಗಿಲ್ಲ. ಅಂಥದ್ದನ್ನು ಹೂಳುವ ಅಧಿಕೃತ ಜಾಗ ಇರುವುದು ನಮ್ಮ ದಾಬಸ್‌ಪೇಟೆಯಲ್ಲಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಬಂದ್ ಆದ ದಿನ ಆ ಲಾರಿಗಳು ಎಲ್ಲಿ ನಿಲ್ಲಬೇಕು? ಇದಕ್ಕೆ ಉತ್ತರ ಬರೆದಿದ್ದರೆ ಅದು ಯೋಜನೆ. ಇಲ್ಲದಿದ್ದರೆ ಬರೀ ಪುಸ್ತಕ. 2017ರಲ್ಲಿ ಚೆನ್ನೈ ಪಕ್ಕದ ಎನ್ನೋರ್‌ನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಜನ ಬಕೆಟ್ಟಿನಲ್ಲಿ ಎಣ್ಣೆ ಮೊಗೆದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಅಲ್ಲೂ ರಾಷ್ಟ್ರೀಯ ಯೋಜನೆ ಜಾರಿಯಲ್ಲೇ ಇತ್ತು.

ಕೆಲಸದಲ್ಲಿದ್ದಾಗ ಒಂದು ಬಂದರಿನ ಮಾಕ್ ಡ್ರಿಲ್‌ಗೆ ಹೋಗಿದ್ದೆ. ಬೂಮ್ ಇಟ್ಟ ಗೋಡೌನಿನ ಬೀಗದ ಕೈ ಯಾರ ಹತ್ತಿರ ಅಂತ ಹುಡುಕುವುದರಲ್ಲೇ ನಲವತ್ತು ನಿಮಿಷ ಹೋಯಿತು. ಹೊರಗೆ ಎಳೆದು ನೋಡಿದರೆ ಮಡಿಕೆಗಳಲ್ಲಿ ಇಲಿ ಕಡಿದಿತ್ತು. ಯೋಜನೆಯ ಪುಸ್ತಕ ಮಾತ್ರ ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ಮಿಂಚುತ್ತಿತ್ತು. ಅದರಲ್ಲಿದ್ದ ಮೊದಲ ನಂಬರಿಗೆ ಫೋನ್ ಮಾಡಿದೆವು. ಎತ್ತಿದವರು, 'ನನಗೆ ವರ್ಗವಾಗಿ ಎರಡು ವರ್ಷ ಆಯ್ತು, ಈಗ ವಿಶಾಖಪಟ್ಟಣದಲ್ಲಿದ್ದೀನಿ' ಅಂದರು.

ನೀವು ಬೆಂಗಳೂರಲ್ಲಿರುವುದು ಒಳ್ಳೆಯದೇ ಆಯಿತು. ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರ ಕಚೇರಿ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿದೆ. ಒಂದು ಆರ್‌ಟಿಐ ಅರ್ಜಿ ಹಾಕಿ. ದಡ ಸ್ವಚ್ಛ ಮಾಡುವ ಯೋಜನೆಯ ಪ್ರತಿ ಕೇಳಿ. ಫೋನ್ ಪಟ್ಟಿಯನ್ನು ಕೊನೆಯ ಸಲ ತಿದ್ದಿದ್ದು ಯಾವಾಗ ಅಂತ ಕೇಳಿ. ಎಣ್ಣೆ ಮರಳನ್ನು ತಾತ್ಕಾಲಿಕವಾಗಿ ಇಡುವ ಜಾಗದ ಸರ್ವೆ ನಂಬರ್ ಕೇಳಿ. ಬೆಂಗಳೂರಿಗೆ ಏನು ಸಂಬಂಧ ಅಂತ ಯಾರಾದರೂ ಅಂದರೆ, ಮಂಗಳೂರಿಂದ ಹಾಸನದ ಮೇಲೆ ಬೆಂಗಳೂರು ಪಕ್ಕದ ದೇವನಗೊಂದಿಗೆ ಬರುವ ಪೆಟ್ರೋಲ್ ಪೈಪ್‌ಲೈನ್ ನೆನಪಿಸಿ. ಇಲ್ಲಿ ನಾವು ಹಾಕಿಸಿಕೊಳ್ಳುವ ಪೆಟ್ರೋಲಿನ ಒಂದು ಪಾಲು ಅದೇ ಕಡಲ ದಾರಿಯಲ್ಲಿ ಬಂದ ಕಚ್ಚಾ ಎಣ್ಣೆಯದು.

ತಮ್ಮನಿಗೆ ಹೇಳಿ: ಕಡಲ ಮೇಲೆ ಕಪ್ಪು ಪಟ್ಟೆ ಕಂಡರೆ 1554ಕ್ಕೆ ಫೋನ್ ಮಾಡಲಿ, ಅದು ಕೋಸ್ಟ್ ಗಾರ್ಡ್ ನಂಬರ್. ಜಿಪಿಎಸ್ ಅಂಕಿ, ಸಮಯ ಬರೆದಿಟ್ಟುಕೊಳ್ಳಲಿ. ಬಲೆಗೆ ಎಣ್ಣೆ ಹತ್ತಿದರೆ ತೊಳೆಯುವ ಮೊದಲು ಫೋಟೊ ತೆಗೆಯಲಿ. ದಿನದ ಮೀನಿನ ಮಾರಾಟ ಚೀಟಿಗಳನ್ನು ಈಗಿನಿಂದಲೇ ಎತ್ತಿಡಲಿ. ಪರಿಹಾರ ಕೊಡುವುದು ಸಾಮಾನ್ಯವಾಗಿ ಹಡಗಿನ ವಿಮೆಯವರು. 1,000 ಗ್ರಾಸ್ ಟನ್ನೇಜ್ ದಾಟಿದ ಹಡಗುಗಳಿಗೆ ಇಂಧನ ಸೋರಿಕೆಯ ವಿಮೆ ಕಡ್ಡಾಯ. ಆದರೆ ಅವರು ಬಾಯಿ ಮಾತಿಗೆ ದುಡ್ಡು ಕೊಡುವುದಿಲ್ಲ. ಹಿಂದಿನ ವರ್ಷ ಇದೇ ತಿಂಗಳು ಎಷ್ಟು ದುಡಿದಿದ್ದೆ, ತೋರಿಸು ಅನ್ನುತ್ತಾರೆ.

ಪ್ರಶ್ನೆ: ಎಣ್ಣೆ ಮೇಲೆ ಸಾಬೂನಿನಂಥ ರಾಸಾಯನಿಕ ಸಿಂಪಡಿಸಿದರೆ ಮಾಯವಾಗುತ್ತದಂತೆ, ಹೌದೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಯಲಹಂಕ)

ಉತ್ತರ: ಮಾಯವಾಗುವುದಿಲ್ಲ, ಸಣ್ಣ ಹನಿಗಳಾಗಿ ನೀರೊಳಗೆ ಇಳಿಯುತ್ತದೆ. ಆಳದ ಕಡಲಲ್ಲಿ, ಎಣ್ಣೆ ಹೊಸದಾಗಿರುವಾಗ ಮಾತ್ರ ಉಪಯೋಗ. ಮೀನು ಮರಿ ಮಾಡುವ ಅಳಿವೆಯಲ್ಲಿ ಹಾಕಿದರೆ ಕೆಡುಕು ಇನ್ನೂ ಜಾಸ್ತಿ ಆಗಬಹುದು. ಕೋಸ್ಟ್ ಗಾರ್ಡ್ ಅನುಮತಿ ಇಲ್ಲದೆ ಒಂದು ಕ್ಯಾನ್ ಕೂಡ ಸುರಿಯುವ ಹಾಗಿಲ್ಲ.