ಬೆಂಗಳೂರಿಗೆ ತಂದಮೇಲೆ ನನ್ನ ಗ್ಲೋ ಎಂಜಿನ್ ಸೊರಗಿದೆ, ನೈಟ್ರೋ ಹೆಚ್ಚಿಸಲೇ?

ನೀವು ಬರೆದದ್ದು ಇಷ್ಟು: ನಿಮ್ಮ ಮಾಡೆಲ್ ವಿಮಾನದ 46 ಸೈಜಿನ (0.46 ಘನ ಇಂಚು) ಗ್ಲೋ ಎಂಜಿನ್, ಅಂದರೆ ಕಾದ ಪ್ಲಗ್ ತಂತಿಯಿಂದ ಮೆಥನಾಲ್ ಇಂಧನ ಹೊತ್ತಿಸಿಕೊಂಡು ಓಡುವ ಪುಟ್ಟ ಎಂಜಿನ್, ಮಂಗಳೂರಿನಲ್ಲಿ ಚೆನ್ನಾಗಿತ್ತು, ಬೆಂಗಳೂರಿಗೆ ಬಂದಮೇಲೆ ಮಂಕಾಯಿತು. ನೀಡಲ್ (ಇಂಧನದ ಹರಿವು ಹೊಂದಿಸುವ ತಿರುಪು) ಬಿಗಿ ಮಾಡಿದಿರಿ, ನೆಲದ ಮೇಲೆ ಕಿರುಚಿಕೊಂಡು ಓಡಿತು. ಆದರೆ ವಿಮಾನ ಮೂಗೆತ್ತಿ ಮೇಲೇರುವಾಗ ಪಟ್ಟನೆ ನಿಲ್ಲುತ್ತದೆ. ಇಂಧನದಲ್ಲಿ ಬೆರೆಸುವ ನೈಟ್ರೋ (ನೈಟ್ರೋಮೀಥೇನ್) 10ರಿಂದ 20 ಪರ್ಸೆಂಟಿಗೆ ಏರಿಸಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಆ ದುಡ್ಡಿಗೆ ಒಂದು ಮೀಟರ್ ಸಿಲಿಕಾನ್ ಟ್ಯೂಬು, ಎರಡು ಪ್ಲಗ್ ತಗೊಳ್ಳಿ, ಮಿಕ್ಕಿದ್ದರಲ್ಲಿ ದೋಸೆ ತಿನ್ನಿ.

ಮಂಕಾಗಿದ್ದಕ್ಕೆ ಕಾರಣ ನಮ್ಮ ಊರೇ. ನಾವಿರುವುದು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲೆ. ಇಲ್ಲಿನ ಗಾಳಿ ಕರಾವಳಿಗಿಂತ ನೂರಕ್ಕೆ ಎಂಟೊಂಬತ್ತರಷ್ಟು ತೆಳು. ಅಲ್ಲಿಗೆ ಹೊಂದಿಸಿದ ನೀಡಲ್ ಇಲ್ಲಿ ರಿಚ್ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು) ಆಗುತ್ತದೆ, ಹಾಗಾಗಿ ಸ್ವಲ್ಪ ಬಿಗಿ ಮಾಡಿದ್ದು ಸರಿಯೇ. ಅದಾದಮೇಲೂ ಒಂದಿಷ್ಟು ಶಕ್ತಿ ಕಮ್ಮಿಯೇ. ಟ್ಯಾಕೋಮೀಟರ್ (ಆರ್‌ಪಿಎಂ ಅಳೆಯುವ ಮೀಟರ್) ನೋಡಿ ಮೋಸಹೋಗಬೇಡಿ: ತೆಳು ಗಾಳಿ ಪ್ರಾಪ್‌ಗೂ (ಪ್ರೊಪೆಲ್ಲರ್‌ಗೂ) ಹಗುರ, ಆರ್‌ಪಿಎಂ ಹೆಚ್ಚುಕಮ್ಮಿ ಅಷ್ಟೇ ತೋರಿಸುತ್ತದೆ, ಎಳೆತ ಮಾತ್ರ ಇಳಿದಿರುತ್ತದೆ. (ಟ್ಯಾಕೋ ಮೇಲೇ ಅನುಮಾನವಿದ್ದರೆ ಹಳೇ ಚೋಕ್ ಟ್ಯೂಬ್‌ಲೈಟಿಗೆ ಹಿಡಿಯಿರಿ. ಎರಡು ಬ್ಲೇಡಿನ ಸೆಟ್ಟಿಂಗಿನಲ್ಲಿ 3000 ಬರಬೇಕು, ನಮ್ಮ 50 ಹರ್ಟ್ಸ್ ಕರೆಂಟಿನ ಕೃಪೆ.) ಟ್ರೈನರ್ (ಕಲಿಯುವವರ ವಿಮಾನ) ಹಾರಿಸುತ್ತಿದ್ದರೆ 11×6 ತೆಗೆದು 12×4 ಪ್ರಾಪ್ (ಇಂಚಿನಲ್ಲಿ ಮೊದಲನೆಯದು ವ್ಯಾಸ, ಎರಡನೆಯದು ಪಿಚ್ ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಹಾಕಿ ನೋಡಿ, ನೆಲಕ್ಕೆ ತಾಗುವುದಿಲ್ಲ ತಾನೇ ಅಂತ ಮೊದಲೇ ಅಳೆದುಕೊಂಡು.

ಮೇಲೇರುವಾಗ ನಿಲ್ಲುವುದು ಬೇರೆ ರೋಗ, ಅದು ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಾಲದಿರುವುದು. ಫುಲ್ ಥ್ರಾಟಲ್‌ನಲ್ಲಿ ಪ್ರಾಪ್‌ನ ಹಿಂದೆ ನಿಂತು ಫ್ಯೂಯಲ್ ಟ್ಯೂಬನ್ನು ಒಂದು ಕ್ಷಣ ಚಿವುಟಿ ಬಿಡಿ. ಸದ್ದು ಚೂರು ಏರಿ ಮತ್ತೆ ಇಳಿದರೆ ಸರಿ. ಏರದೆ ನೇರ ಕುಸಿದರೆ ಆಗಲೇ ಲೀನ್ ಇದೆ. ಆಮೇಲೆ ಗೆಳೆಯರೊಬ್ಬರಿಗೆ ವಿಮಾನ ಹಿಡಿದು ಮೂಗನ್ನು ಆಕಾಶಕ್ಕೆ ಎತ್ತಲು ಹೇಳಿ, ಹತ್ತು ಸೆಕೆಂಡು ಕಿವಿಗೊಡಿ. ಸದ್ದು ಸೊರಗಬಾರದು. ಗರಿಷ್ಠ ಆರ್‌ಪಿಎಂ ಸಿಕ್ಕ ಮೇಲೆ ಇನ್ನೂರು ಮುನ್ನೂರು ಇಳಿಯುವಷ್ಟು ನೀಡಲ್ ಸಡಿಲಿಸಿಟ್ಟೇ ಹಾರಿಸಬೇಕು. ನೆಲದ ಮೇಲಿನ ಕಿರುಚಾಟಕ್ಕೆ ಮರುಳಾದರೆ ಪಿಸ್ಟನ್ ಹೋಗುತ್ತದೆ.

ನೀಡಲ್ ಸಡಿಲಿಸಿದರೂ ಎಂಜಿನ್ ನಿಲ್ಲುತ್ತಿದ್ದರೆ ಟ್ಯಾಂಕ್ ಕಡೆ ಬನ್ನಿ. ಟ್ಯಾಂಕಿನ ನಡುಗೆರೆ ನೀಡಲ್‌ನ ಮಟ್ಟಕ್ಕೆ ಅಥವಾ ಅದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕೆಳಗಿರಲಿ. ಸೈಲೆನ್ಸರ್‌ನಿಂದ ಬರುವ ಪ್ರೆಷರ್ ಟ್ಯೂಬು ಬಿಗಿಯಾಗಿರಲಿ. ನಾನು ಒಮ್ಮೆ ನಾಲ್ಕು ಭಾನುವಾರ ನೀಡಲ್ ತಿರುಗಿಸುವುದರಲ್ಲೇ ಕಳೆದಿದ್ದೇನೆ. ಐದನೇ ವಾರ ಕಾರ್ಬ್ಯುರೇಟರಿಗೆ ಹೋಗುವ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಗೋಲಿಸೋಡದ ಹಾಗೆ ಸಣ್ಣ ಗುಳ್ಳೆಗಳ ಸಾಲು. ಟ್ಯಾಂಕ್ ಬಿಚ್ಚಿದೆ: ಒಳಗೆ ಕ್ಲಂಕ್ (ಇಂಧನ ಹೀರುವ ಟ್ಯೂಬಿನ ತುದಿಯ ಭಾರದ ತುಂಡು) ತೂಗುವ ಟ್ಯೂಬು ಹಿತ್ತಾಳೆ ಕೊಳವೆಯ ಚೂಪು ಅಂಚಿಗೆ ಉಜ್ಜಿ ಸೀಳಿತ್ತು. ಸೀಳು ಎಷ್ಟು ಸಣ್ಣದೆಂದರೆ ಟ್ಯೂಬನ್ನು ಬಗ್ಗಿಸಿದರೆ ಮಾತ್ರ ಬಾಯಿ ಬಿಡುತ್ತಿತ್ತು. ಮೂಗೆತ್ತಿದಾಗ ಇಂಧನವೆಲ್ಲ ಹಿಂದಕ್ಕೆ ಸರಿದು ಆ ಬಾಯಿ ಗಾಳಿಗೆ ಬೀಳುತ್ತಿತ್ತು. ಕೊಳವೆಯ ಅಂಚನ್ನು ಅರದಿಂದ ಉಜ್ಜಿ ನಯಮಾಡಿ ಹೊಸ ಟ್ಯೂಬು ಹಾಕಿದೆ, ಅಷ್ಟೇ. ನಿಮ್ಮದೂ ಹೀಗೇ ಇರಬಹುದು ಅಂತ ನನ್ನ ಗುಮಾನಿ.

ಪ್ಲಗ್ಗನ್ನೂ ಬಿಚ್ಚಿ ನೋಡಿ. ಪ್ಲಾಟಿನಂ ತಂತಿ ಹೊಳೆಯುತ್ತಿದ್ದರೆ ಚೆನ್ನಾಗಿದೆ, ಬೆಳ್ಳಗೆ ತರಿತರಿಯಾಗಿದ್ದರೆ ಬದಲಿಸಿ.

ನೈಟ್ರೋ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ ನಿಜ, ಐಡಲ್ (ಎಂಜಿನ್ನಿನ ನಿಧಾನ ಓಟ) ಕೂಡ ಸ್ಥಿರವಾಗುತ್ತದೆ. ಆದರೆ ತೂತು ಟ್ಯೂಬಿಗೆ ಅದು ಔಷಧವಲ್ಲ. ಇಂಧನದಲ್ಲಿ ಬೆರೆಸುವ ಎಣ್ಣೆ ಮಾತ್ರ 18 ಪರ್ಸೆಂಟಿಗಿಂತ ಇಳಿಸಬೇಡಿ. ಅಗ್ಗಕ್ಕೆ ಸಿಕ್ಕಿತೆಂದು ಆರ್‌ಸಿ ಕಾರಿನ ಇಂಧನ ಸುರಿಯಬೇಡಿ, ಅದರಲ್ಲಿ ಸಾಮಾನ್ಯವಾಗಿ ಎಣ್ಣೆ ಕಮ್ಮಿ. ಮೆಥನಾಲ್ ತೇವ ಹೀರುತ್ತದೆ, ಮಳೆಗಾಲದಲ್ಲಿ ಕ್ಯಾನಿನ ಮುಚ್ಚಳ ಸಡಿಲ ಬಿಟ್ಟರೆ ಆ ಇಂಧನ ಕೆಟ್ಟಂತೆಯೇ.

ಮಧ್ಯಾಹ್ನದ ಬಿಸಿಲಲ್ಲಿ ಹೊಂದಿಸಿದ ನೀಡಲ್‌ನಲ್ಲೇ ಮರುದಿನ ಆರೂವರೆಯ ಚಳಿಗೆ ಹಾರಿಸಬೇಡಿ. ತಣ್ಣನೆ ಗಾಳಿ ದಟ್ಟ, ಎಂಜಿನ್ ಲೀನ್ ಆಗುತ್ತದೆ. ರಜೆಗೆ ಮಂಗಳೂರಿಗೆ ಒಯ್ದರೂ ಅಷ್ಟೇ, ನೀಡಲ್ ಕಾಲು ಸುತ್ತು ಸಡಿಲಿಸಿಕೊಂಡೇ ಸ್ಟಾರ್ಟ್ ಮಾಡಿ.