ಡೆಡ್‌ಲಿಫ್ಟ್ ಇಳಿದಿದ್ದಕ್ಕೆ ನರದ ಸುಸ್ತೇ ಕಾರಣವಾ?

ತಮ್ಮಾ, ನೀನು ಕೇಳಿದ್ದು ಇಷ್ಟು: 140 ಕೆಜಿ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನಿಲ್ಲುವುದು) ಐದು ರೆಪ್, ಅಂದರೆ ಐದು ಸಲ, ಸಲೀಸಾಗಿ ಆಗುತ್ತಿತ್ತು, ಈಗ ಎರಡಕ್ಕೇ ಬಾರ್ ನೆಲ ಬಿಡುತ್ತಿಲ್ಲ. ನಿದ್ದೆ ಇಲ್ಲ, ಜಿಮ್ ಅಂದರೆ ಬೇಜಾರು. ಕೋಚ್ 'ಸಿಎನ್‌ಎಸ್ (ಮಿದುಳು, ಬೆನ್ನುಹುರಿಯ ಕೇಂದ್ರ ನರವ್ಯೂಹ) ಸುಟ್ಟಿದೆ, 15 ದಿನ ಪೂರ್ತಿ ಬಿಡು' ಅಂದಿದ್ದಾರೆ. ವಾರಕ್ಕೆ ಮೂರು ಸಲ ಡೆಡ್‌ಲಿಫ್ಟ್, ಪ್ರತಿ ಸೆಟ್ ಫೇಲ್ಯೂರ್ ತನಕ, ಅಂದರೆ ಇನ್ನೊಂದು ರೆಪ್ ಆಗದಷ್ಟು. ಅದೂ ಮೇ ತಿಂಗಳ ಕಲಬುರಗಿಯಲ್ಲಿ, ಸಂಜೆ 6ಕ್ಕೆ, ಗಂಜ್ ಕಡೆಯ ತಗಡಿನ ಜಿಮ್‌ನಲ್ಲಿ. ಸುಸ್ತಾಗದಿದ್ದರೇ ಆಶ್ಚರ್ಯ!

ಏನೂ ಸುಟ್ಟಿಲ್ಲ. 15 ದಿನ ಬಿಡುವುದೂ ಬೇಡ.

ನರದ ಸುಸ್ತು ಸುಳ್ಳಲ್ಲ. ಮಿದುಳು, ಬೆನ್ನುಹುರಿಯಿಂದ ಸ್ನಾಯುವಿಗೆ ಬರುವ ಹುಕುಂ ಕಡಿಮೆಯಾಗುತ್ತದೆ. ಅಳೆಯುವ ರೀತಿಯೂ ಇದೆ. ನೀನು ಪೂರ್ತಿ ಬಲ ಹಾಕುತ್ತಿರುವಾಗಲೇ ಸ್ನಾಯುವಿಗೆ ಸಣ್ಣ ಕರೆಂಟ್ ಹೊಡೆತ ಕೊಡುತ್ತಾರೆ. ಆಗ ಬಲ ಇನ್ನೂ ಏರಿದರೆ ಸ್ನಾಯುವಿನಲ್ಲಿ ತಾಕತ್ತು ಉಳಿದಿತ್ತು, ಮೇಲಿನಿಂದ ಹುಕುಂ ಬಂದಿರಲಿಲ್ಲ ಅಂತ ಲೆಕ್ಕ. ಹೀಗೆ ಅಳೆದಾಗ ಭಾರದ ಸ್ಕ್ವಾಟ್, ಡೆಡ್‌ಲಿಫ್ಟ್ ಆದ ಮೇಲೆ ನರದ ಪಾಲು ಚಿಕ್ಕದೇ ಕಂಡಿದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ತಡ ಆಗುವುದು ಸ್ನಾಯುವಿನೊಳಗಿನ ರಿಪೇರಿ. ನೀನು ಅದು ಮುಗಿಯುವ ಮೊದಲೇ ಮತ್ತೆ ಬಾರ್ ಹಿಡಿಯುತ್ತಿದ್ದೀಯ, ಅಷ್ಟೇ.

ಆದರೆ ನಮ್ಮ ಕಡೆ ನರಕ್ಕೆ ನಿಜವಾಗಿ ಪೆಟ್ಟು ಕೊಡುವುದು ಸೆಕೆ. ಮೈಯೊಳಗಿನ ಉಷ್ಣತೆ 39 ಡಿಗ್ರಿ ದಾಟುತ್ತಾ ಹೋದಂತೆ ಮಿದುಳೇ ಬಲ ಇಳಿಸುತ್ತದೆ, ಎಷ್ಟು ಛಲ ಇದ್ದರೂ. ದಿನವಿಡೀ 40ರ ಮೇಲೆ ಕಾದ ತಗಡು ಸಂಜೆ 6ಕ್ಕೂ ಬಿಸಿ ಬಿಡುತ್ತಲೇ ಇರುತ್ತದೆ. ರಾತ್ರಿ ಕರೆಂಟ್ ಹೋದರೆ ನಿದ್ದೆಯೂ ಹೋಯಿತು. ಅದರ ಮೇಲೆ ಪ್ರೀ-ವರ್ಕೌಟ್ (ಜಿಮ್‌ಗೆ ಮುಂಚೆ ಕುಡಿಯುವ ಕೆಫೀನ್ ಪುಡಿ) ಬೇರೆ. ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. 11ಕ್ಕೆ ಮಲಗಿ ಹೊರಳಾಡದೆ ಇನ್ನೇನು ಮಾಡ್ತೀಯ?

ಹಾಗಾಗಿ ಮೊದಲು ಟೈಮ್ ಬದಲಿಸು. ಮುಂಜಾನೆ 5.30ಕ್ಕೆ ಜಿಮ್ ತೆಗೆಯುತ್ತಾರಾ ಕೇಳು. ಒಂದು ವಾರ ಅದೇ ವ್ಯಾಯಾಮಗಳನ್ನೇ ಮಾಡು, ಆದರೆ ಸೆಟ್ ಅರ್ಧಕ್ಕೆ ಇಳಿಸು, ತೂಕ ಹತ್ತು ಪರ್ಸೆಂಟ್ ಕಡಿಮೆ ಇರಲಿ. ಇನ್ನೂ ಮೂರ್ನಾಲ್ಕು ರೆಪ್ ಆಗುತ್ತಿತ್ತು ಅನ್ನಿಸುವಾಗಲೇ ಬಾರ್ ಇಳಿಸು. ಆಮೇಲೆ ಭಾರದ ಡೆಡ್‌ಲಿಫ್ಟ್ ವಾರಕ್ಕೆ ಒಂದೇ ದಿನ. ಇನ್ನೊಂದು ದಿನ ಬೇಕೇ ಬೇಕು ಅಂದರೆ 100 ಕೆಜಿ ಆಸುಪಾಸಿನಲ್ಲಿ, ಬೇಗ ಬೇಗ ಎತ್ತುವ ಹಾಗೆ. ಫೇಲ್ಯೂರ್ ಅನ್ನು ಬೈಸೆಪ್ಸ್‌ಗೆ ಇಟ್ಟುಕೋ, ಡೆಡ್‌ಲಿಫ್ಟ್‌ಗೆ ಬೇಡ.

ಚೇತರಿಕೆ ಗೊತ್ತಾಗಬೇಕಾದರೆ ಪ್ರತಿ ಸಲ ವಾರ್ಮ್‌ಅಪ್‌ನ 100 ಕೆಜಿ ರೆಪ್ ಅನ್ನು ಒಂದೇ ಜಾಗದಿಂದ ಮೊಬೈಲ್‌ನಲ್ಲಿ ಹಿಡಿ. ಬಾರ್ ನೆಲದಿಂದ ಮೊಣಕಾಲಿಗೆ ಬರುವ ವೇಗ ನೋಡು. ಹೋದ ವಾರಕ್ಕಿಂತ ನಿಧಾನ ಅನ್ನಿಸಿದರೆ ಅವತ್ತು ಭಾರ ಬೇಡ. 'ಇವತ್ತು ಮೂಡ್ ಇಲ್ಲ' ಅನ್ನುವುದಕ್ಕಿಂತ ಇದು ನಂಬಬಹುದಾದ ಗುರುತು.

ಹೊಟ್ಟೆ ಇಳಿಸಲು ರೊಟ್ಟಿ ಬಿಟ್ಟಿದ್ದೀನಿ ಅಂತಲೂ ಬರೆದಿದ್ದೀಯ. ಇದೇನಪ್ಪಾ, ಭಾರ ಎತ್ತುವ ತಿಂಗಳಲ್ಲೇ? ಎರಡು ಜೋಳದ ರೊಟ್ಟಿ ವಾಪಸ್ ಹಾಕಿಕೋ. ನಿನ್ನ 72 ಕೆಜಿ ತೂಕಕ್ಕೆ, ಕೆಜಿಗೆ 1.6 ಗ್ರಾಂ ಲೆಕ್ಕದಲ್ಲಿ, ದಿನಕ್ಕೆ 115 ಗ್ರಾಂ ಪ್ರೋಟೀನ್ ಬೇಕು. ನಮ್ಮ ತೊಗರಿ ಬೇಳೆ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಇದೆ, ಆದರೆ ತಟ್ಟೆಗೆ ಬರುವ ಸಾರಿನಲ್ಲಿ ಬೇಳೆ ಎಷ್ಟಿರುತ್ತೆ ಹೇಳು. ಮೊಟ್ಟೆ, ಮೊಸರು, ಶೇಂಗಾ ಸೇರಿಸು. ಉಪ್ಪು ಹಾಕಿದ ಮಜ್ಜಿಗೆ ಕುಡಿ. 'ಸಿಎನ್‌ಎಸ್ ರಿಕವರಿ' ಪುಡಿಗೆ ದುಡ್ಡು ಸುರಿಯಬೇಡ.

ಮೂರು ವಾರ ಹೀಗೆ ಮಾಡಿಯೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಟೆಸ್ಟ್ ಮಾಡಿಸು. ಒಂದು ಕಾಲಿನಲ್ಲಿ ಜೋಮು ಅಥವಾ ಬಲ ಕಡಿಮೆ ಅನ್ನಿಸಿದರೆ ಕಾಯಬೇಡ, ಅದು ಬೆನ್ನಿನ ತೊಂದರೆ ಇರಬಹುದು. ವ್ಯಾಯಾಮದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗು.